ಇಷ್ಟ ಹೇಳುವ ಇಂಗ್ಲಿಷ್ ಯಂತ್ರ: ಬಳಸುವ ಮುನ್ನ ಓದಿ



ಹತ್ತಾರು ವರ್ಷ ಫೀಸು ಕಟ್ಟಿ ನೀವು ಮನೆಗೆ ತಂದ ಇಂಗ್ಲಿಷ್ ವ್ಯಾಕರಣದ ಪೆಟ್ಟಿಗೆಯ ತಳದಲ್ಲಿ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದ ಸ್ಥಿತಿಯಲ್ಲಿ, ಈ ಯಂತ್ರ ಬಿದ್ದಿರುತ್ತದೆ. ಎರಡರಲ್ಲಿ ಒಂದು ಬೇಕು, ಇನ್ನೊಂದು ಅಷ್ಟಾಗಿ ಬೇಡ ಎಂದು ತಿಳಿಸುವುದು ಇದರ ಕೆಲಸ. ನಮ್ಮಲ್ಲಿ ಹೆಚ್ಚಿನವರು ಇದನ್ನು ಹೊರಗೇ ತೆಗೆಯುವುದಿಲ್ಲ. ‘ಐ ವಾಂಟ್’, ‘ಐ ಡೋಂಟ್ ವಾಂಟ್’ ಎಂಬ ಎರಡು ಗುಂಡಿಗಳಲ್ಲೇ ಸಂಸಾರ ತೂಗಿಸುತ್ತಾರೆ. ಬೆಂಗಳೂರಿನ ದರ್ಶಿನಿಯ ಮಟ್ಟಿಗೆ ಆ ಗುಂಡಿಗಳೂ ಬೇಕಿಲ್ಲ. ‘ಬೈ ಟೂ ಕಾಫಿ, ಶುಗರ್ ಕಮ್ಮಿ’ ಎಂದರೆ ಕ್ರಿಯಾಪದದ ನೆರವಿಲ್ಲದೆ ಕಾಫಿ ಬರುತ್ತದೆ.

ಯಂತ್ರ ಬೇಕಾಗುವುದು ಬೇರೆ ಕಡೆ. ಮಗಳ ಬಾಣಂತನಕ್ಕೆಂದು ಮ್ಯಾಂಚೆಸ್ಟರಿಗೆ ಹೋದಾಗ ಪಕ್ಕದ ಮನೆಯವರು ಟೀಗೆ ಕರೆದರೆ ಬೇಕು. ಲಂಡನ್ನಿನ ಕ್ಲೈಂಟು ಕಾಲ್‌ನಲ್ಲಿ ಕೂತಿದ್ದರೆ ಬೇಕು. ವಿದೇಶಕ್ಕೆ ಹೊರಟ ಮಂಗಳೂರಿನ ನರ್ಸಿಂಗ್ ಹುಡುಗಿಗೆ ಐಇಎಲ್‌ಟಿಎಸ್ ಪರೀಕ್ಷಕರ ಎದುರು ಬೇಕು. ಆ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು. ನಿಮಗೆ ಹಳ್ಳಿ ಹಿಡಿಸುತ್ತದೋ ಪಟ್ಟಣವೋ, ಫೋನೋ ಪತ್ರವೋ ಎಂಬ ಜಾತಿಯ ಪ್ರಶ್ನೆ ಅಷ್ಟರೊಳಗೆ ಎದುರಾಗುವ ಸಂಭವ ಧಾರಾಳವಾಗಿದೆ.

ಪೆಟ್ಟಿಗೆಯೊಳಗೆ ಏನೇನಿದೆ

‘ಪ್ರಿಫರ್’ ಒಂದು. ‘ವುಡ್ ಪ್ರಿಫರ್’ ಒಂದು. ‘ವುಡ್ ರಾದರ್’ ಒಂದು. ‘ವುಡ್ ಸೂನರ್’ ಎಂಬ ಇನ್ನೊಂದು ಭಾಗವೂ ಇದೆ, ಈಗ ಹೆಚ್ಚು ಬಳಕೆಯಲ್ಲಿಲ್ಲ, ಆದರೆ ತುಕ್ಕು ಹಿಡಿದಿಲ್ಲ. ಜೊತೆಗೆ ‘ಟು’ ಎಂಬ ಸ್ಕ್ರೂ, ‘ದ್ಯಾನ್’ ಎಂಬ ಸ್ಕ್ರೂ. ಎರಡೂ ನೋಡಲು ಒಂದೇ ಥರ, ಕೂರುವ ತೂತು ಬೇರೆ ಬೇರೆ.

‘ಪ್ರಿಫರ್’ ಲ್ಯಾಟಿನ್ ಮಾಲು. ಮುಂದೆ ಹಿಡಿದು ತರುವುದು ಎಂಬರ್ಥದ ಧಾತುವಿನಿಂದ ಬಂದದ್ದು. ‘ರಾದರ್’ ಮಾತ್ರ ಇಂಗ್ಲಿಷಿನ ಹಿತ್ತಲಲ್ಲೇ ಬೆಳೆದದ್ದು. ಹಳೆಯ ಇಂಗ್ಲಿಷಿನಲ್ಲಿ ‘ಬೇಗ’ ಎಂಬರ್ಥದ ಪದವೊಂದಿತ್ತು, ‘ಇನ್ನೂ ಬೇಗ’ ಎನ್ನಲು ಅದಕ್ಕೆ ಬಾಲ ಹಚ್ಚಿದಾಗ ‘ರಾದರ್’ ಆಯಿತು. ‘ಐಡ್ ರಾದರ್’ ಎಂದಾಗ ಕೇಳುವ ‘ಡ್’ ಯಾರದ್ದು ಎಂದು ಕೇಳಿದರೆ ಈಗಿನ ಮೇಷ್ಟ್ರುಗಳು ‘ವುಡ್’ ಎನ್ನುತ್ತಾರೆ. ಶೇಕ್ಸ್‌ಪಿಯರ್ ‘ಹ್ಯಾಡ್ ರಾದರ್’ ಎಂದೂ ಬರೆದಿದ್ದಾನೆ. ಬಾಯಲ್ಲಿ ಹೇಗೂ ‘ಡ್’ ಮಾತ್ರ ಉಳಿಯುವುದರಿಂದ ಈ ವ್ಯಾಜ್ಯದಲ್ಲಿ ನೀವು ತಲೆಹಾಕಬೇಕಿಲ್ಲ.

‘ಲೈಕ್’ ಅನ್ನು ಈ ಯಂತ್ರದ ಭಾಗವೆಂದು ತಿಳಿದು ಜೋಡಿಸಲು ಹೋಗಬೇಡಿ. ಲಂಡನ್ನಿನ ಹೋಟೆಲಿನಲ್ಲಿ ಕೂತು ವೇಟರಿಗೆ ‘ಐ ಲೈಕ್ ಕಾಫಿ’ ಎಂದರೆ ನಿಮ್ಮ ಸ್ವಭಾವ ಹೇಳಿಕೊಂಡಂತಾಯಿತೇ ಹೊರತು ಆರ್ಡರ್ ಕೊಟ್ಟಂತಾಗಲಿಲ್ಲ. ಅವನು ಸಂತೋಷ ಎಂದು ತಲೆಯಾಡಿಸಿ ಮುಂದಿನ ಟೇಬಲ್ಲಿಗೆ ಹೋಗಬಹುದು. ಕಾಫಿ ಬರಬೇಕಾದರೆ ‘ವುಡ್’ ಹಚ್ಚಬೇಕು. ‘ಪ್ರಿಫರ್’ಗೂ ಇದೇ ನಿಯಮ. ಬರೀ ‘ಪ್ರಿಫರ್’ ಎಂದರೆ ಹುಟ್ಟುಗುಣ, ‘ವುಡ್ ಪ್ರಿಫರ್’ ಎಂದರೆ ಈ ಹೊತ್ತಿನ ಬೇಡಿಕೆ.

ಜೋಡಿಸುವ ಕ್ರಮ

‘ಪ್ರಿಫರ್’ಗೆ ‘ಟು’, ‘ರಾದರ್’ಗೆ ‘ದ್ಯಾನ್’. ಐ ಪ್ರಿಫರ್ ಟೀ ಟು ಕಾಫಿ. ಐ ವುಡ್ ರಾದರ್ ವಾಕ್ ದ್ಯಾನ್ ಡ್ರೈವ್. ಇಷ್ಟೇ. ಆದರೂ ಕನ್ನಡಿಗರ ಕೈ ತಾನಾಗಿ ‘ಪ್ರಿಫರ್’ಗೂ ‘ದ್ಯಾನ್’ ಅನ್ನೇ ತಿರುಗಿಸುತ್ತದೆ. ಇದಕ್ಕೆ ದಡ್ಡತನ ಕಾರಣವಲ್ಲ, ‘ಕಾಫಿಗಿಂತ ಟೀ’ ಎನ್ನುವಾಗಿನ ನಮ್ಮ ‘ಗಿಂತ’ ಕಾರಣ. ಹೋಲಿಕೆ ಎಲ್ಲಿದ್ದರೂ ನಮಗೆ ‘ಗಿಂತ’ ಬರುತ್ತದೆ, ಶಾಲೆಯಲ್ಲಿ ‘ಗಿಂತ’ ಎಂದರೆ ‘ದ್ಯಾನ್’ ಎಂದು ಕಲಿಸಿದ್ದಾರೆ. ಕೈ ಮತ್ತೇನು ಮಾಡೀತು?

ಒಂದು ಉಪಾಯವಿದೆ, ಯಾವ ಮೇಷ್ಟ್ರೂ ನನಗೆ ಇದನ್ನು ಹೇಳಿಕೊಡಲಿಲ್ಲ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್ ಇವೆಲ್ಲ ಲ್ಯಾಟಿನ್ ಮನೆತನದವು, ಇವುಗಳ ಹಿಂದೆ ‘ಟು’ ಬರುತ್ತದೆ. ‘ಪ್ರಿಫರ್’ ಕೂಡ ಆ ಮನೆಯದೇ. ಲ್ಯಾಟಿನ್ನಿನಲ್ಲಿ ಬೇಡವಾದ ವಸ್ತುವಿಗೆ ಹಚ್ಚುತ್ತಿದ್ದದ್ದು ಚತುರ್ಥಿ ವಿಭಕ್ತಿ, ಅಂದರೆ ನಮ್ಮ ‘ಗೆ’. ಕಾಲೇಜಿನ ಹುಡುಗರು ‘ಅವರು ನನಗೆ ಸೀನಿಯರ್’ ಎನ್ನುವುದಿಲ್ಲವೇ? ಆ ‘ಗೆ’ಯೇ ಈ ‘ಟು’. ನಮ್ಮ ‘ಗಿಂತ’ದ ಹೊಟ್ಟೆಯಲ್ಲೂ ಒಂದು ‘ಗೆ’ ಕೂತಿದೆ. ‘ದ್ಯಾನ್’ ಎನ್ನಲು ಬಾಯಿ ತೆರೆದಾಗ ಆ ‘ಗೆ’ಯನ್ನು ನೆನೆಸಿಕೊಂಡರೆ ಸ್ಕ್ರೂ ಸರಿಯಾದ ತೂತಿಗೆ ಬೀಳುತ್ತದೆ.

ಇನ್ನೊಂದು ಅಪಾಯ ಕ್ರಮದ್ದು. ನಾವು ಬೇಡವಾದದ್ದನ್ನು ಮೊದಲು ಬದಿಗೆ ಸರಿಸಿ, ಬೇಕಾದದ್ದನ್ನು ಕೊನೆಗೆ ಹೇಳುತ್ತೇವೆ. ಇಂಗ್ಲಿಷಿನವರಿಗೆ ಬೇಕಾದದ್ದು ಮೊದಲು. ಕನ್ನಡದ ಕ್ರಮದಲ್ಲೇ ಯೋಚಿಸುತ್ತ ‘ಐ ಪ್ರಿಫರ್ ಕಾಫಿ...’ ಎಂದು ಶುರುಮಾಡಿದಿರೋ, ಮುಗಿಯಿತು. ಮುಂದೆ ಏನೇ ಹೇಳಿದರೂ ನಿಮ್ಮ ಮುಂದೆ ಬಂದು ಕೂರುವುದು ಕಾಫಿಯೇ. ಹೀಗೆ ಬೇಡದ ಕಾಫಿಯನ್ನು ಕುಡಿದು, ಚೆನ್ನಾಗಿತ್ತೆಂದು ಹೇಳಿ ಎದ್ದು ಬಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಕ್ರಿಯಾಪದಗಳನ್ನು ಜೋಡಿಸುವಾಗ ಮಾತ್ರ ಕಂಪನಿಯವರೇ ಸ್ವಲ್ಪ ಎಡವಿದ್ದಾರೆ. ‘ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್’ ಸರಿಹೋಗುತ್ತದೆ. ‘ಪ್ರಿಫರ್ ಟು ವಾಕ್’ ಎಂದು ಹೊರಟರೆ ಮುಂದೆ ‘ಟು ಟು ಡ್ರೈವ್’ ಎಂದು ಎರಡು ‘ಟು’ ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ ಅಲ್ಲಿ ‘ರಾದರ್ ದ್ಯಾನ್’ ಎಂಬ ತೇಪೆ ಹಾಕಿದ್ದಾರೆ. 1926ರಲ್ಲಿ ಆಕ್ಸ್‌ಫರ್ಡಿನಿಂದ ಬಂದ ಫೌಲರ್ ಅವರ ಬಳಕೆಯ ನಿಘಂಟು ಈ ತೇಪೆಯನ್ನೂ ವಿಚಾರಿಸಿಕೊಂಡಿದೆ. ನಮ್ಮ ಕಡೆ ಈ ವಿಷಯದಲ್ಲಿ ಕೊನೆಯ ತೀರ್ಪು ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕದ್ದು. ಆ ರೆನ್ ಮಹಾಶಯರು ಮುಂಬೈ ಪ್ರಾಂತ್ಯದಲ್ಲಿ ಶಿಕ್ಷಣದ ಕೆಲಸ ಮಾಡಿದವರು, ನಮ್ಮ ಧಾರವಾಡ ಬೆಳಗಾವಿಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಮರುಭೂಮಿಯ ಸಾಹಸದ ಕಾದಂಬರಿ ಬರೆದವರೂ ಅವರೇ. ಅದನ್ನು ಪಠ್ಯವಾಗಿಟ್ಟಿದ್ದರೆ ಎಷ್ಟು ಹುಡುಗರ ಇಂಗ್ಲಿಷ್ ಉದ್ಧಾರವಾಗುತ್ತಿತ್ತೋ!

ಚಾಲೂ ಮಾಡುವುದು

ನಿಮ್ಮ ಇಷ್ಟ ನಿಮ್ಮ ಬಗ್ಗೆಯೇ ಆಗಿದ್ದರೆ ಮೇಲಿನಷ್ಟು ಸಾಕು. ಇನ್ನೊಬ್ಬರು ಏನು ಮಾಡಬೇಕು, ಏನು ಮಾಡಬಾರದು ಎಂಬ ಬಗ್ಗೆ ನಿಮಗೆ ಇಷ್ಟಾನಿಷ್ಟ ಇದ್ದಾಗ ಯಂತ್ರ ವಿಚಿತ್ರವಾಗಿ ಸದ್ದು ಮಾಡುತ್ತದೆ. ‘ಐಡ್ ರಾದರ್ ಯು ಕೇಮ್ ಟುಮಾರೋ.’ ಬರಬೇಕಾಗಿರುವುದು ನಾಳೆ, ಕ್ರಿಯಾಪದ ಭೂತಕಾಲದ್ದು. ಗಾಬರಿಯಾಗಬೇಡಿ, ಯಂತ್ರ ಕೆಟ್ಟಿಲ್ಲ, ಇದು ಹೀಗೆಯೇ ಓಡುವುದು.

ತರಗತಿಯಲ್ಲಿ ಇದನ್ನು ‘ವಿಶೇಷ ನಿಯಮ’ ಎಂದು ಬೋರ್ಡಿನ ಮೂಲೆಯಲ್ಲಿ ಡಬ್ಬಿ ಹಾಕಿ ಬರೆಸುತ್ತಾರೆ. ಮಕ್ಕಳು ಉರು ಹೊಡೆದು, ಪರೀಕ್ಷೆಯ ಮಾರನೇ ದಿನ ಮರೆಯುತ್ತಾರೆ. ಆದರೆ ಅದೇ ಮಗು ಸಂಜೆ ಅಂಗಡಿಗೆ ಹೋಗಿ ‘ಅಂಕಲ್, ಒಂದು ಪೆನ್ನು ಬೇಕಿತ್ತು’ ಎನ್ನುತ್ತದೆ. ಪೆನ್ನು ಬೇಕಾಗಿರುವುದು ಈಗ, ನಿಂತ ಕಾಲಲ್ಲಿ. ‘ಬೇಕಿತ್ತು’ ಎಂದರೆ ನಿನ್ನೆ ಬೇಕಿತ್ತು, ಇವತ್ತು ಬೇಡ ಎಂದು ಯಾವ ಅಂಗಡಿಯವನೂ ಅರ್ಥ ಮಾಡಿಕೊಳ್ಳುವುದಿಲ್ಲ. ‘ಸರ್, ಒಂದು ಮಾತು ಕೇಳಬೇಕಿತ್ತು’, ‘ಸ್ವಲ್ಪ ದುಡ್ಡಿನ ಅಡಚಣೆ ಇತ್ತು’, ‘ನೀವು ನಾಳೆ ಬಂದಿದ್ದರೆ ಚೆನ್ನಾಗಿತ್ತು’. ಬೇಡಿಕೆಯನ್ನು ಒಂದು ಹೆಜ್ಜೆ ಹಿಂದಿನ ಕಾಲಕ್ಕೆ ಸರಿಸಿ ಇಟ್ಟರೆ ಎದುರಿನವರಿಗೆ ‘ಇಲ್ಲ’ ಎನ್ನಲು ಜಾಗ ಸಿಗುತ್ತದೆ, ಅವರು ‘ಇಲ್ಲ’ ಎಂದರೂ ನಮ್ಮ ಮುಖ ಉಳಿಯುತ್ತದೆ. ಇಂಗ್ಲಿಷಿನ ‘ಕೇಮ್’ ಮಾಡುತ್ತಿರುವುದೂ ಅಷ್ಟನ್ನೇ. ಅಂದರೆ ಈ ಯಂತ್ರದ ಅತ್ಯಂತ ಕಷ್ಟದ ಭಾಗವೆಂದು ಹೆಸರಾದದ್ದನ್ನು ನೀವು ಮಾತು ಕಲಿತಾಗಿನಿಂದ ಓಡಿಸುತ್ತಿದ್ದೀರಿ. ಮೇಷ್ಟ್ರು ‘ಬೇಕಿತ್ತು’ ಎಂಬ ಒಂದು ಪದ ಬೋರ್ಡಿನ ಮೇಲೆ ಬರೆದಿದ್ದರೆ ಡಬ್ಬಿ ಹಾಕುವ ಶ್ರಮ ಉಳಿಯುತ್ತಿತ್ತು.

ನೆನಪಿಡಬೇಕಾದದ್ದು ಒಂದಿದೆ. ಇಬ್ಬರು ಬೇರೆ ಬೇರೆ ಇದ್ದಾಗ ಮಾತ್ರ ಈ ಭೂತಕಾಲ. ನೀವೇ ಬರುವುದಾದರೆ ‘ಐಡ್ ರಾದರ್ ಕಮ್’, ಬಾಲ ಬೋಳಾಗಿಯೇ ಇರಲಿ, ನಡುವೆ ‘ಟು’ ತುರುಕಬೇಡಿ.

ವಾಲ್ಯೂಮ್ ಬಗ್ಗೆ ವ್ಯಾಕರಣ ಪುಸ್ತಕ ಹೇಳದ ಮಾತು

ಕೇಂಬ್ರಿಜ್ಜಿನಿಂದ 1985ರಲ್ಲಿ ಮೊದಲು ಬಂದು ಇವತ್ತಿಗೂ ಕೋಚಿಂಗ್ ಸೆಂಟರುಗಳಲ್ಲಿ ಕಾಣುವ ರೇಮಂಡ್ ಮರ್ಫಿಯವರ ವ್ಯಾಕರಣದಲ್ಲಿ ‘ಪ್ರಿಫರ್’ ಮತ್ತು ‘ವುಡ್ ರಾದರ್’ಗೆಂದೇ ಒಂದು ಪಾಠವಿದೆ. ಅಚ್ಚುಕಟ್ಟಾದ ಪಾಠ. ಆದರೆ ಈ ಯಂತ್ರವನ್ನು ಇಷ್ಟ ಹೇಳಲು ಬಳಸುವುದಕ್ಕಿಂತ ಹೆಚ್ಚಾಗಿ ‘ಕೂಡದು’ ಎನ್ನಲು, ‘ಮಾಡು’ ಎನ್ನಲು ಬಳಸುತ್ತಾರೆ ಎಂಬುದು ಯಾವ ಪಾಠದಲ್ಲೂ ಸಿಗುವುದಿಲ್ಲ.

ಲಂಡನ್ನಿನ ಕ್ಲೈಂಟು ಕಾಲ್‌ನಲ್ಲಿ ‘ವೀಡ್ ಪ್ರಿಫರ್ ಫ್ರೈಡೇ’ ಎನ್ನುತ್ತಾರೆ. ಬೆಂಗಳೂರಿನ ತಂಡ ಇದನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ: ಶುಕ್ರವಾರ ಆದರೆ ಅವರಿಗೆ ಸಂತೋಷ, ಸೋಮವಾರ ಆದರೂ ತಡೆದುಕೊಳ್ಳುತ್ತಾರೆ. ಫೋನಿಟ್ಟ ಮೇಲೆ ‘ತುಂಬಾ ಸಭ್ಯರು ಕಣ್ರೀ, ಏನೂ ಒತ್ತಾಯ ಮಾಡಲಿಲ್ಲ’ ಎಂಬ ಮೆಚ್ಚುಗೆಯೂ ಆಗುತ್ತದೆ. ಶನಿವಾರ ಬೆಳಿಗ್ಗೆ ಬರುವ ಮೇಲ್‌ನಲ್ಲಿ ಮ್ಯಾನೇಜರರ ಮ್ಯಾನೇಜರಿಗೂ ಸಿಸಿ ಇರುತ್ತದೆ. ಅದೇ ರೀತಿ ‘ಐಡ್ ರಾದರ್ ವಿ ಡಿಡಂಟ್’ ಎಂದರೆ ಚರ್ಚೆಗೆ ಆಹ್ವಾನವಲ್ಲ. ಬಾಗಿಲು ಹಾಕಿ, ಚಿಲಕ ಜಡಿದು, ಕರ್ಟನ್ನನ್ನೂ ಎಳೆದಾಯಿತು ಎಂದರ್ಥ. ಮೂರು ಕಾರಣ ಕೊಟ್ಟು ಮತ್ತೆ ಕೇಳುವುದು ನಮ್ಮ ರೂಢಿ, ಅಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ನಮಗೆ ಇದೇನು ಹೊಸದಲ್ಲ. ಮನೆಯ ಓನರು ಮೆಟ್ಟಿಲ ಮೇಲೆ ಸಿಕ್ಕಿ, ‘ಬಾಡಿಗೆ ಐದನೇ ತಾರೀಕಿನೊಳಗೆ ಬಂದುಬಿಟ್ಟಿದ್ದರೆ ಚೆನ್ನಾಗಿತ್ತು’ ಎಂದರೆ, ಅದು ಅವರ ರುಚಿ ಅಭಿರುಚಿಯ ವಿಚಾರ ಎಂದುಕೊಂಡ ಬಾಡಿಗೆದಾರ ಹುಟ್ಟಿಲ್ಲ. ಬಾಡಿಗೆದಾರ ಅದೇ ಧಾಟಿಯಲ್ಲಿ ‘ನಲ್ಲಿ ಸೋರ್ತಾ ಇದೆ, ರಿಪೇರಿ ಆಗಿದ್ರೆ ಚೆನ್ನಾಗಿತ್ತು’ ಎಂದರೆ ಮಾತ್ರ ಅದು ರುಚಿಯ ವಿಚಾರವೇ ಆಗಿ ಉಳಿಯುತ್ತದೆ. ಯಂತ್ರ ಒಂದೇ, ಹಿಡಿದವರ ಕುರ್ಚಿ ನೋಡಿ ಅದಕ್ಕೆ ಕರೆಂಟು ಹರಿಯುತ್ತದೆ. ಕನ್ನಡದಲ್ಲಿ ಕುರ್ಚಿ ನೋಡಿ ಅರ್ಥ ಮಾಡಿಕೊಳ್ಳುವ ನಾವು ಇಂಗ್ಲಿಷಿಗೆ ಬಂದ ಕೂಡಲೇ ನಿಘಂಟು ನೋಡುತ್ತೇವೆ.

‘ಕಾಫಿನೋ ಟೀನೋ’ ಎಂದು ಕೇಳಿದಾಗ ‘ಯಾವುದಾದ್ರೂ ಪರವಾಗಿಲ್ಲ’ ಎನ್ನುವುದು ನಮ್ಮವರ ಸ್ವತ್ತೆಂದು ಭಾವಿಸಬೇಡಿ. ಇಂಗ್ಲೆಂಡಿನವರ ‘ಐ ಡೋಂಟ್ ಮೈಂಡ್’ ಅದೇ ವಸ್ತು. ಅದರ ಬದಲು ‘ಐ ಡೋಂಟ್ ಕೇರ್’ ಎಂದರೆ ಆತಿಥೇಯರ ಮುಖ ಸಪ್ಪಗಾಗುತ್ತದೆ. ‘ಅಯ್ಯೋ, ಈಗ ತಾನೇ ಆಯ್ತು’ ಎಂಬ ಮಾತನ್ನಂತೂ ಮ್ಯಾಂಚೆಸ್ಟರಿನಲ್ಲಿ ಪ್ರಯೋಗಿಸಬೇಡಿ. ಎರಡನೇ ಸಲ ಕೇಳುವರೆಂಬ ಭರವಸೆ ಅಲ್ಲಿಲ್ಲ, ಟೀ ತಪ್ಪುತ್ತದೆ.

ದೇಶೀ ಮಾದರಿ

ಈ ಯಂತ್ರವನ್ನು ನಮ್ಮವರು ಬಿಚ್ಚಿ, ಬೇಡದ ಭಾಗ ಎಸೆದು, ಒಂದು ಸುಲಭ ಮಾದರಿ ತಯಾರಿಸಿದ್ದಾರೆ. ಅದರಲ್ಲಿ ‘ಪ್ರಿಫರ್ಡ್’ ಎಂಬ ಒಂದೇ ಪದ, ಸಾಲಿನ ಕೊನೆಗೆ. ಬೆಂಗಳೂರಿನ ಟು-ಲೆಟ್ ಬೋರ್ಡುಗಳಲ್ಲಿ ‘ವೆಜಿಟೇರಿಯನ್ ಫ್ಯಾಮಿಲಿ ಪ್ರಿಫರ್ಡ್’. ವಧುವರರ ಜಾಹೀರಾತಿನಲ್ಲಿ ‘ಫೇರ್, ಸೇಮ್ ಸಬ್‌ಕಾಸ್ಟ್ ಪ್ರಿಫರ್ಡ್’. ಪ್ರಿಫರ್ ಮಾಡಿದವರು ಯಾರು? ಗೊತ್ತಿಲ್ಲ. ಯಾವುದಕ್ಕೆ ಹೋಲಿಸಿ? ಅದೂ ಗೊತ್ತಿಲ್ಲ. ಕರ್ತೃವಿಲ್ಲ, ‘ಟು’ ಇಲ್ಲ, ಹೊಣೆಯೂ ಇಲ್ಲ. ‘ನಮಗೆ ನಿಮ್ಮಂಥವರು ಬೇಡ’ ಎಂದು ಕನ್ನಡದಲ್ಲಿ ಗೋಡೆಯ ಮೇಲೆ ಬರೆಯಲು ನಾಚುವವರು ಇದನ್ನು ಇಂಗ್ಲಿಷಿನಲ್ಲಿ ನೇತುಹಾಕಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ‘ಪ್ರಿಫರ್ಡ್ ಅಂದರೆ ಆದ್ಯತೆ ತಾನೇ, ಷರತ್ತಲ್ಲವಲ್ಲ’ ಎಂದು ಬಾಗಿಲಲ್ಲಿ ನಿಂತು ವ್ಯಾಕರಣ ಬಿಡಿಸಲು ಹೋದ ಮಾಂಸಾಹಾರಿ ಬ್ರಹ್ಮಚಾರಿಗೆ ಮನೆ ಸಿಕ್ಕ ಉದಾಹರಣೆ ನನ್ನ ಕಿವಿಗೆ ಬಿದ್ದಿಲ್ಲ. ಇಡೀ ಯಂತ್ರದ ಅತಿ ಕೊಳಕು ಬಳಕೆ ಇದೇ ಎಂಬುದು ನನ್ನ ಅಭಿಪ್ರಾಯ.

ಪ್ರಾಮಾಣಿಕ ದೇಶೀ ಬಳಕೆಯೂ ಇಲ್ಲದಿಲ್ಲ. ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ಚುನಾವಣೆಯಲ್ಲಿ ಪ್ರಾಶಸ್ತ್ಯ ಎಂದರೆ ನಿಜಕ್ಕೂ ಪ್ರಾಶಸ್ತ್ಯ. ಒಬ್ಬರಿಗೆ 1, ಇನ್ನೊಬ್ಬರಿಗೆ 2, ಹೀಗೆ ಅಂಕಿಯಲ್ಲಿ ಬರೆಯಬೇಕು. ಟಿಕ್ ಹಾಕುವಂತಿಲ್ಲ, 1 ಎಂಬ ಅಂಕಿಯೇ ಇಲ್ಲದ ಮತಪತ್ರ ಎಣಿಕೆಗೆ ಬರುವುದಿಲ್ಲ. ಡಿಗ್ರಿ ಪಡೆದವರೇ ಮತ ಹಾಕುವ ಕ್ಷೇತ್ರದಲ್ಲೂ ಅಸಿಂಧು ಮತಗಳು ಬೀಳುವುದನ್ನು ಕಂಡರೆ, ಇಷ್ಟವನ್ನು ನಿಯಮದ ಪ್ರಕಾರ ಹೇಳುವುದು ಇಂಗ್ಲಿಷಿಗೆ ಮಾತ್ರ ಅಂಟಿದ ಕಷ್ಟವಲ್ಲ ಎಂದು ಸಮಾಧಾನವಾಗುತ್ತದೆ.

ಅಪಾಯ: ಅತಿಬಳಕೆ ಬೇಡ

ಈ ಯಂತ್ರವನ್ನು ನಿಲ್ಲಿಸದೆ ಓಡಿಸಿದರೆ ಏನಾಗುತ್ತದೆ ಎಂಬುದನ್ನು ಹರ್ಮನ್ ಮೆಲ್ವಿಲ್ 1853ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾನೆ. ‘ಮೋಬಿ ಡಿಕ್’ ಪ್ರಕಟಿಸಿ ಎರಡು ವರ್ಷಕ್ಕೆ, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಎರಡು ಕಂತುಗಳಲ್ಲಿ ಬಂದ ‘ಬಾರ್ಟಲ್‌ಬಿ’ ಕಥೆ ಅದು. ವಾಲ್ ಸ್ಟ್ರೀಟಿನ ವಕೀಲರೊಬ್ಬರ ಆಫೀಸಿಗೆ ಪ್ರತಿ ತೆಗೆಯುವ ಗುಮಾಸ್ತನೊಬ್ಬ ಸೇರುತ್ತಾನೆ. ಒಂದು ದಿನ ಪ್ರತಿಯನ್ನು ತಾಳೆ ನೋಡೋಣ ಬಾ ಎಂದರೆ, ಆಗುವುದಿಲ್ಲ ಎನ್ನುವುದಿಲ್ಲ, ಬರುವುದಿಲ್ಲ ಎನ್ನುವುದಿಲ್ಲ, ಮಾಡದಿರುವುದೇ ತನಗೆ ಹೆಚ್ಚು ಹಿತ ಎಂಬರ್ಥದಲ್ಲಿ, ದನಿ ಏರಿಸದೆ, ‘ವುಡ್ ಪ್ರಿಫರ್’ ಗುಂಡಿ ಒತ್ತುತ್ತಾನೆ. ವಕೀಲರಿಗೆ ದಿಕ್ಕೇ ತೋಚುವುದಿಲ್ಲ. ಎದುರು ಮಾತಾಡಿದವನನ್ನು ಬೈಯಬಹುದು, ಸೋಮಾರಿಯನ್ನು ಓಡಿಸಬಹುದು. ಬರೀ ತನ್ನ ಇಷ್ಟ ತಿಳಿಸಿದವನನ್ನು ಏನು ಮಾಡುವುದು?

ಆಮೇಲೆ ಪ್ರತಿ ತೆಗೆಯುವುದನ್ನೂ ಬಿಡುತ್ತಾನೆ. ಕೆಲಸದಿಂದ ತೆಗೆದರೆ ಆಫೀಸು ಬಿಟ್ಟು ಹೋಗದಿರುವುದು ಅವನ ಇಷ್ಟ. ಕೊನೆಗೆ ವಕೀಲರೇ ಆಫೀಸು ಖಾಲಿ ಮಾಡಿ ಬೇರೆ ಕಡೆ ಹೋಗಬೇಕಾಗುತ್ತದೆ. ಈ ನಡುವೆ ಯಾರಿಗೂ ಅರಿವಿಲ್ಲದೆ ‘ಪ್ರಿಫರ್’ ಎಂಬ ಪದ ವಕೀಲರ ನಾಲಗೆಗೂ ಉಳಿದ ಗುಮಾಸ್ತರ ನಾಲಗೆಗೂ ಅಂಟಿಕೊಳ್ಳುತ್ತದೆ. ಬಾರ್ಟಲ್‌ಬಿ ಜೈಲು ಸೇರಿ, ಅಲ್ಲಿ ಊಟವನ್ನೂ ಒಲ್ಲದೆ ಸಾಯುತ್ತಾನೆ. ಕುರ್ಚಿಯಿಲ್ಲದವನ ಕೈಯಲ್ಲೂ ಯಂತ್ರಕ್ಕೆ ಪೂರ್ತಿ ಕರೆಂಟು ಹರಿದ ಒಂದೇ ಒಂದು ಪ್ರಸಂಗ ನನಗೆ ಗೊತ್ತಿರುವುದು ಇದು, ಹರಿಸಿದವನು ಬದುಕಿ ಉಳಿಯಲಿಲ್ಲ. ಅಪ್ರೈಸಲ್ ಹತ್ತಿರವಿದ್ದಾಗ ಈ ಪ್ರಯೋಗ ಬೇಡ.

ಸಣ್ಣಪುಟ್ಟ ರಿಪೇರಿ

‘ಮೋರ್ ಪ್ರಿಫರಬಲ್’ ಎಂದು ಬಂದರೆ ‘ಮೋರ್’ ಕಿತ್ತುಹಾಕಿ. ‘ಪ್ರಿಫರಬಲ್’ ಒಳಗೇ ‘ಹೆಚ್ಚು’ ಇದೆ, ಫೌಲರ್ ಇದನ್ನು ಸಹಿಸುತ್ತಿರಲಿಲ್ಲ. ಇದನ್ನು ಕೇಳಿ ನಾವು ನಗುವ ಹಾಗೂ ಇಲ್ಲ. ‘ಶ್ರೇಷ್ಠ’ ಎಂದರೇ ಎಲ್ಲಕ್ಕಿಂತ ಮೇಲಿನದು, ಅದರ ತಲೆಯ ಮೇಲೆ ‘ಅತಿ’ ಕೂರಿಸಿ ಸನ್ಮಾನಪತ್ರ ಬರೆಯುವ ಜನ ನಾವು.

‘ಪ್ರಿಫರ್ಡ್’ ಬರೆಯುವಾಗ ಆರ್ ಎರಡು, ‘ಪ್ರಿಫರೆನ್ಸ್’ ಬರೆಯುವಾಗ ಒಂದೇ. ಒತ್ತು ಕೊನೆಗೆ ಬಿದ್ದರೆ ಎರಡು, ಮುಂದಕ್ಕೆ ಸರಿದರೆ ಒಂದು.

‘ವುಡಂಟ್ ರಾದರ್’ ಎಂದು ಬೇಡ ಎನ್ನಲು ಬರುವುದಿಲ್ಲ. ‘ನಾಟ್’ ಯಾವಾಗಲೂ ‘ರಾದರ್’ನ ಬೆನ್ನಿಗಿರಲಿ.

‘ಹ್ಯಾಡ್ ಬೆಟರ್’ ಈ ಯಂತ್ರದ ಭಾಗವಲ್ಲ, ಪಕ್ಕದ ಪೆಟ್ಟಿಗೆಯಿಂದ ಬಂದು ಸೇರಿಕೊಂಡದ್ದು. ‘ನಾಳೆ ಬಂದರೆ ಒಳ್ಳೆಯದು’ ಎಂಬ ವಿನಯದಲ್ಲಿ ನಮ್ಮವರು ಹಿರಿಯ ಅಧಿಕಾರಿಗೆ ‘ಯು ಹ್ಯಾಡ್ ಬೆಟರ್ ಕಮ್ ಟುಮಾರೋ’ ಎಂದುಬಿಡುತ್ತಾರೆ. ಅದರ ಅರ್ಥ ‘ನಾಳೆ ಬಂದರೆ ಸರಿ, ಇಲ್ಲದಿದ್ದರೆ ನೋಡಿಕೊಳ್ಳುತ್ತೇನೆ’ ಎನ್ನುವುದಕ್ಕೆ ಹತ್ತಿರ.

ವಾರಂಟಿ

ಇಲ್ಲ. ಕಂಪನಿಯವರು ಯಾರಿಗೂ ಹೇಳದೆ ಬಿಡಿಭಾಗ ಬದಲಿಸುತ್ತಿರುತ್ತಾರೆ. ‘ಪ್ರಿಫರ್ ಟೀ ಓವರ್ ಕಾಫಿ’ ಎಂಬ ಜೋಡಣೆ ಅಮೆರಿಕದಲ್ಲಿ ಈಗ ತೀರಾ ಸಾಮಾನ್ಯ, ಬ್ರಿಟನ್ನಿನಲ್ಲೂ ಕಿವಿಗೆ ಬೀಳುತ್ತದೆ. ನಮ್ಮ ಪರೀಕ್ಷೆಗಳ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿದಂತಿಲ್ಲ. ಆದ್ದರಿಂದ ಪರೀಕ್ಷೆಗೆ ಕೂರುವವರು ‘ಟು’ ಬರೆಯಿರಿ, ಅಮೆರಿಕಕ್ಕೆ ಹೊರಟವರು ‘ಓವರ್’ ಎನ್ನಿ. ‘ದ್ಯಾನ್’ ಎಂದವರಿಗೂ ಟೀ ಸಿಗುತ್ತದೆ, ಅಂಕ ಸಿಗುವುದಿಲ್ಲ.